ಸರಸ್ವತಿಪುರಂನ ಟೆಕ್ಸಾಸ್ ರಾಯರು

ಹಗಲೆಲ್ಲ ಪಂಚೆಯಲ್ಲಿ ಓಡಾಡಿ, ಸಂಜೆ ಏಳೂವರೆಗೆ ಅದೇ ಪಂಚೆಯ ಮೇಲೆ ಇಸ್ತ್ರಿ ಶರ್ಟು ತೊಟ್ಟು ಲ್ಯಾಪ್‌ಟಾಪ್ ಮುಂದೆ ಕೂರುವ ಜೀವವೊಂದು ಈಗ ಮೈಸೂರಿನ ಬೀದಿಬೀದಿಯಲ್ಲೂ ಇದೆ. ಸರಸ್ವತಿಪುರಂನ ನಮ್ಮ ಬೀದಿಯ ಜೀವಕ್ಕೆ ಟೆಕ್ಸಾಸ್ ರಾಯರು ಎಂದೇ ಹೆಸರು. ಕಂಪನಿ ಟೆಕ್ಸಾಸ್‌ನದು, ಕುರ್ಚಿ ಮಾವ ಕೊಡಿಸಿದ್ದು.

ರಾಯರ ದುಡ್ಡಿಗೆ ಟಿಡಿಎಸ್ ಇಲ್ಲ. ತಿಂಗಳಾದರೆ ಡಾಲರು ರೂಪಾಯಿಯಾಗಿ, ತೆರಿಗೆಯ ಕತ್ತರಿ ತಾಗದೆ ಖಾತೆಗೆ ಬಂದು ಬೀಳುತ್ತದೆ. ಯಾರೂ ಹಿಡಿಯದ ಮೇಲೆ ಕಟ್ಟುವುದೇಕೆ ಎಂಬುದು ಅವರ ವೇದಾಂತ. ವಾಕಿಂಗ್‌ನಲ್ಲಿ ಸಿಕ್ಕವರಿಗೆಲ್ಲ ಅದರ ಭಾಷ್ಯ. “ಟೆಕ್ಸಾಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ಲ ಸಾರ್.” “ದುಡ್ಡು ಫಾರಿನ್ನದು, ಈ ಟ್ಯಾಕ್ಸ್‌ನವರದ್ದೇನು ಮಧ್ಯೆ?” ಎಲ್ಲಕ್ಕೂ ಮಿಗಿಲಾದದ್ದು: “ನಾನು ದುಡಿಯೋದು ರಾತ್ರಿ. ಆಗ ಇವರ ಆಫೀಸೇ ಬಾಗಿಲು ಹಾಕಿರುತ್ತೆ!”

ಅಮೆರಿಕದವರ ಮುಂದೆ ಮಾತ್ರ ರಾಯರು ಅಪ್ಪಟ ಭಾರತೀಯರು. ಕೆಲಸ ಹಿಡಿಯುವಾಗಲೇ ಡಬ್ಲ್ಯೂ-8ಬಿಇಎನ್ ಎಂಬ ಫಾರಂ ತುಂಬಿ, ತಾನು ಅಮೆರಿಕದವನಲ್ಲ, ವಾಸ ಭಾರತದಲ್ಲಿ ಎಂದು ಸಹಿ ಹಾಕಿದ್ದಾರೆ. ಕೆಲಸವೂ ಇಲ್ಲೇ ಕೂತು ಮಾಡುವುದು. ಹಾಗಾಗಿ ಅಲ್ಲಿ ಹಿಡಿಯಲಿಲ್ಲ. ಇಲ್ಲಿ ಕೇಳಿದರೆ ಟೆಕ್ಸಾಸ್ ಪ್ರಜೆ.

ಹೆಂಡತಿಯ ಕಾಟಕ್ಕೆ ಕೊನೆಗೊಮ್ಮೆ ಆಡಿಟರ್ ಹತ್ತಿರ ಹೋದರು.

“ವರ್ಷದಲ್ಲಿ 182 ದಿನ ಭಾರತದಲ್ಲಿದ್ರಾ?”

“ಇನ್ನೆಲ್ಲಿಗೆ ಹೋಗ್ಲಿ ಸಾರ್, ಧರ್ಮಸ್ಥಳಕ್ಕೆ ಹೋಗಿದ್ದೇ ದೂರ.”

“ಹಾಗಾದ್ರೆ ನೀವು ರೆಸಿಡೆಂಟು. ಲೋಕದಲ್ಲಿ ಎಲ್ಲಿ ದುಡಿದ್ರೂ ಇಲ್ಲಿ ಲೆಕ್ಕ ಕೊಡಬೇಕು. ನೀವು ದುಡಿದಿರೋದಂತೂ ಇಲ್ಲೇ.”

ರಾಯರು ಬ್ರಹ್ಮಾಸ್ತ್ರ ತೆಗೆದರು. “ಭಾರತ–ಅಮೆರಿಕ ತೆರಿಗೆ ಒಪ್ಪಂದ ಇದೆಯಲ್ಲ ಸಾರ್, 1989ರದ್ದು?”

“ಅದು ಎರಡು ಕಡೆ ಕಟ್ಟೋದನ್ನ ತಪ್ಪಿಸೋಕೆ ಸ್ವಾಮಿ. ನೀವು ಒಂದು ಕಡೆನೂ ಕಟ್ಟಿಲ್ಲವಲ್ಲ!”

ಆಮೇಲೆ ಮುಂಗಡ ತೆರಿಗೆಯ ಪಾಠವಾಯಿತು. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ನೇ ತಾರೀಕು ಗಡುವು; ತಪ್ಪಿದರೆ ತಿಂಗಳಿಗೆ ಶೇ 1ರಂತೆ ಬಡ್ಡಿ. ರಾಯರ ಮುಖ ಬಾಡಿದ್ದು ಕಂಡು ಆಡಿಟರ್ ಕಂಪನಿ ಜೊತೆಗಿನ ಒಪ್ಪಂದದ ಪತ್ರ ತಿರುವಿದರು. ಮದುವೆಮನೆಗಳಲ್ಲಿ “ಅಮೆರಿಕನ್ ಕಂಪನಿ ಎಂಪ್ಲಾಯಿ” ಎಂದು ಪರಿಚಯ ಹೇಳಿಕೊಳ್ಳುವ ರಾಯರು ಕಾಗದದಲ್ಲಿ ಬರೀ ಕಾಂಟ್ರ್ಯಾಕ್ಟರ್! ಅದೇ ವರವಾಯಿತು. ಐಟಿ ವೃತ್ತಿಪರನೆಂದು ತೋರಿಸಿದರೆ, ನಗದಾಗಿ ಬಂದದ್ದು ಶೇ 5 ಮೀರದೆ ವರ್ಷದ ಗಳಿಕೆ 75 ಲಕ್ಷದೊಳಗಿದ್ದರೆ, ಅರ್ಧವನ್ನು ಲಾಭವೆಂದು ಒಪ್ಪಿಕೊಳ್ಳಬಹುದು. ಮುಂಗಡ ತೆರಿಗೆಯೂ ಮಾರ್ಚ್ 15ರೊಳಗೆ ಒಂದೇ ಕಂತು. ವಾರದೊಳಗೆ ರಾಯರ ಜೇಬಿನಲ್ಲಿ ‘ಕನ್ಸಲ್ಟೆಂಟ್’ ಎಂದು ಅಚ್ಚಾದ ಕಾರ್ಡು.

ಆದರೆ ಕಾರಿನ ಸಾಲಕ್ಕೆ ಬ್ಯಾಂಕಿಗೆ ಹೋದಾಗ ರಿಟರ್ನ್‌ನಲ್ಲಿ ತೋರಿಸಿದ ಆ ಅರ್ಧವೇ ಅಡ್ಡ ಬಂತು.

“ಆದಾಯ ಇಷ್ಟೇನಾ ಸಾರ್?”

“ಛೆ, ಇದರ ಎರಡರಷ್ಟಿದೆ ಮೇಡಂ.”

“ಮತ್ತೆ ರಿಟರ್ನ್‌ನಲ್ಲಿ?”

ರಾಯರಿಗೆ ಕೆಮ್ಮು ಬಂತು.

ಮಾರ್ಚ್ 15 ಬಂದೇ ಬಂತು. ಸಂಬಳದವರ ತೆರಿಗೆ ಕೈಗೆ ಬರುವ ಮೊದಲೇ ಹೋಗಿರುತ್ತದೆ. ಕಾಣದ ದುಡ್ಡಿಗೆ ಅಳುವವರಾರು? ರಾಯರದ್ದು ಹಾಗಲ್ಲ. ಮನೆಯಲ್ಲಿ ಆಡಿ ಬೆಳೆದ ದುಡ್ಡನ್ನು ಮಗಳನ್ನು ಅತ್ತೆಮನೆಗೆ ಕಳಿಸಿದ ಹಾಗೆ ಕೈಯಾರೆ ಕಳಿಸಬೇಕು. ಒಂದು ಲೋಟ ನೀರು ಕುಡಿದು, ದೇವರಮನೆ ಕಡೆ ನೋಡಿ, ಬಟನ್ ಒತ್ತಿದರು. ಚಲನ್‌ಗೆ ಲ್ಯಾಮಿನೇಷನ್ ಮಾಡಿಸಿದರು.

ಅಂದಿನಿಂದ ರಾಯರೇ ಬೇರೆ. ರಸ್ತೆಗುಂಡಿ ಕಂಡಲ್ಲೆಲ್ಲ ಸ್ಕೂಟರ್ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಬೀದಿದೀಪ ಉರಿಯದಿದ್ದರೆ ಪಾಲಿಕೆಗೆ ಫೋನು: “ನಮ್ಮ ದುಡ್ಡು ಕಣ್ರೀ ಅದು, ಎಲ್ಲಿ ಹೋಯ್ತು?” ಇಪ್ಪತ್ತು ವರ್ಷ ಟಿಡಿಎಸ್ ಹಿಡಿಸಿಕೊಂಡ ನಾವ್ಯಾರೂ ಅಷ್ಟು ಜೋರಾಗಿ ಕೇಳಿದ್ದಿಲ್ಲ. ಆದಾಯ ತೆರಿಗೆ ಹೋಗುವುದು ದೆಹಲಿಗೆ, ಗುಂಡಿ ಮುಚ್ಚಬೇಕಾದದ್ದು ಪಾಲಿಕೆ ಎಂದು ಅವರಿಗೆ ತಿಳಿಸಬಹುದಿತ್ತು. ಬೀದಿಯವರೆಲ್ಲ ಸೇರಿ ಯೋಚಿಸಿ ಸುಮ್ಮನಾದೆವು, ದೀಪ ಉರಿಯತೊಡಗಿದೆ.