ಅರವತ್ತಕ್ಕೆ ಅಲಗು ಮುಕ್ಕು

ನಮ್ಮ ತಿಪಟೂರು ಸೀಮೆಯ ಮನೆಗಳಲ್ಲಿ ಜೇಬಿನ ಚಾಕು ಜೇಬಿನಲ್ಲಿ ಉಳಿಯುವುದು, ಅದು ಅಲ್ಲಿದೆ ಎಂದು ಮನೆಯವರಿಗೆ ಗೊತ್ತಾಗುವವರೆಗೆ ಮಾತ್ರ. ಆಮೇಲೆ ಅದು ಅಚ್ಚುಬೆಲ್ಲ ಒಡೆಯುತ್ತದೆ, ಹಿಂಡಿ ಮೂಟೆಯ ಹೊಲಿಗೆ ಬಿಚ್ಚುತ್ತದೆ, ಮಿಕ್ಸಿಯ ಸ್ಕ್ರೂ ತಿರುಗಿಸುತ್ತದೆ, ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುತ್ತದೆ. ಬಿಡುವಾದರೆ ಮಾವಿನಹಣ್ಣನ್ನೂ ಹೆಚ್ಚುತ್ತದೆ. ಇಂಥ ಮನೆಗೆ ನನ್ನ ಭಾಮೈದ ಅಮೆರಿಕದಿಂದ ಒಂದು ಮಡಚು ಚಾಕು ತಂದ.

ಕೊಡುವುದಕ್ಕೆ ಮುಂಚೆ ವಿವರಣೆ ಇತ್ತು. ಇದು ಪುಡಿಯಿಂದ ಮಾಡಿದ ಉಕ್ಕು. ಕರಗಿದ ಲೋಹವನ್ನು ಅನಿಲದ ರಭಸಕ್ಕೆ ಸಿಡಿಸಿ ಪುಡಿ ಮಾಡುತ್ತಾರೆ, ಆ ಪುಡಿಯನ್ನು ಕಾಯಿಸಿ, ಒತ್ತಿ, ಮತ್ತೆ ಗಟ್ಟಿಯಾಗಿಸುತ್ತಾರೆ. ಮೊದಲೇ ಗಟ್ಟಿಯಿದ್ದದ್ದನ್ನು ಕರಗಿಸಿ ಪುಡಿ ಮಾಡಿ ಮತ್ತೆ ಗಟ್ಟಿ ಮಾಡುವುದಕ್ಕೆ ಇಷ್ಟು ದುಡ್ಡೇ ಎಂದು ನನ್ನ ಹೆಂಡತಿ ಕೇಳಿದ್ದು ತಮ್ಮನ ಕಿವಿಗೆ ಬೀಳಲಿಲ್ಲ. “ರಾಕ್‌ವೆಲ್ ಅರವತ್ತು, ಭಾವ!” ಎಂದ. ವಜ್ರದ ಮೊನೆಯನ್ನು 150 ಕಿಲೋ ಭಾರ ಹೇರಿ ಉಕ್ಕಿಗೆ ಒತ್ತಿ, ಎಷ್ಟು ಆಳ ಇಳಿಯಿತೆಂದು ನೋಡಿ ಕೊಡುವ ಅಂಕ ಅದು. ಆಳ ಕಡಿಮೆಯಾದಷ್ಟೂ ಅಂಕ ಹೆಚ್ಚು. ನನ್ನ ಹಳೆಯ ವಿಕ್ಟೋರಿನಾಕ್ಸ್‌ಗೆ ಬಂದಿರುವುದು 56. “ನಾಲ್ಕೇ ಅಂಕ ತಾನೇ ಕಡಿಮೆ?” ಎಂದೆ. ಪಾಸ್‌ಕ್ಲಾಸಿನಲ್ಲಿ ತೇರ್ಗಡೆಯಾದವನ ಅಪ್ಪನನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಅಮ್ಮನಿಗೆ ಈ ಅಂಕಪಟ್ಟಿ ಯಾರೂ ತೋರಿಸಿರಲಿಲ್ಲ. ಮಾರನೆಯ ಬೆಳಿಗ್ಗೆ ಚಟ್ನಿಗೆಂದು ಕಾಯಿಹೋಳಿನ ಚಿಪ್ಪಿಗೂ ತಿರುಳಿಗೂ ನಡುವೆ ಅಲಗು ತೂರಿಸಿ, ಎಂದಿನಂತೆ ಕೈ ತಿರುಚಿದಳು. ಟಿಕ್ ಎಂದಿತು. ಅಂಚಿನಲ್ಲಿ ಎಳ್ಳುಕಾಳಿನಷ್ಟು ಮುಕ್ಕು. “ಏನಪ್ಪಾ, ನಿನ್ನ ಚಾಕು ಕಾಯಿಗೇ ಹೆದರ್ತದಲ್ಲ!” ಎಂದಳು. ಅಕ್ಕನ ಅತ್ತೆಯನ್ನು ಗದರುವುದುಂಟೇ? “ಪಕ್ಕಕ್ಕೆ ತಿರುಚಬಾರದು ಅತ್ತೆ” ಎಂದಷ್ಟೇ ಹೇಳಿ ಅವನು ಹಿತ್ತಲಿಗೆ ಹೋದ. ಮುರಿದ ಚೂರು ಎಲ್ಲಿ ಬಿತ್ತೆಂದು ಕೊನೆಗೂ ಗೊತ್ತಾಗಲಿಲ್ಲವಾಗಿ ಅಂದು ಇಡ್ಲಿಗೆ ಸಾಂಬಾರು.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಉಕ್ಕಿಗೂ ಸಲ್ಲುತ್ತದೆಯೆಂದು ನನಗನ್ನಿಸಿದ್ದು ಆಗಲೇ. ಹರಿತವಾದ ಅಂಚಿನ ತುದಿ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ಮಗ್ಗುಲಿನಿಂದ ಒತ್ತಡ ಬಿದ್ದರೆ ಮೆದು ಉಕ್ಕು ಬಾಗಿಕೊಳ್ಳುತ್ತದೆ, ಮೊಂಡಾಗುತ್ತದೆ, ನಾಲ್ಕು ಸಲ ಮಸೆದರೆ ಮತ್ತೆ ದಾರಿಗೆ ಬರುತ್ತದೆ. ಗಡಸು ಉಕ್ಕಿಗೆ ಬಾಗುವುದು ಗೊತ್ತಿಲ್ಲ, ಮುರಿಯುವುದೊಂದೇ ಗೊತ್ತು. ಈ ಚಾಕುವಿನ ಉಕ್ಕಿನೊಳಗೆ ವೆನೇಡಿಯಂ ಇಂಗಾಲದೊಡನೆ ಕೂಡಿ ಆದ ಸಣ್ಣ ಸಣ್ಣ ಹರಳುಗಳಿರುತ್ತವೆ. ಅಲಗು ಬೇಗ ಸವೆಯದಂತೆ ಕಾಯುವುದು ಅವೇ. ಬಿರುಕು ಹುಟ್ಟಲು ಜಾಗ ಕೊಡುವುದೂ ಅವೇ. ಹುಟ್ಟಿದ ಬಿರುಕು ಎಷ್ಟು ಸಲೀಸಾಗಿ ಓಡುತ್ತದೆ ಎನ್ನುವುದು ಉಕ್ಕಿನ ತಾಳಿಕೆಗೆ ಬಿಟ್ಟದ್ದು. ಅದನ್ನು ಅಳೆಯಲು ಷಾರ್ಪಿ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನ ಪರೀಕ್ಷೆಯಿದೆ, 1901ರಷ್ಟು ಹಳೆಯದು. ತೂಗುವ ಸುತ್ತಿಗೆಯನ್ನು ಮೇಲಿನಿಂದ ಬಿಟ್ಟು ಉಕ್ಕಿನ ತುಂಡನ್ನು ಮುರಿಯುವುದು, ಮುರಿಯಲು ಎಷ್ಟು ಶಕ್ತಿ ಖರ್ಚಾಯಿತೆಂದು ಲೆಕ್ಕ ಹಾಕುವುದು. ಆ ಅಂಕವನ್ನು ಅಚ್ಚು ಹಾಕಿದ ಚಾಕುವಿನ ಪೆಟ್ಟಿಗೆ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಗಡಸುತನ ಹೇಳಿಕೊಳ್ಳಲು ಚೆಂದ. ತಾಳಿಕೆಯನ್ನು ಜಂಭದಿಂದ ಹೇಳಿಕೊಳ್ಳುವುದು ಹೇಗೆ?

ತಾಳಿಕೆ ನೋಡಬೇಕಾದರೆ ಎಳನೀರು ಗಾಡಿಗೆ ಹೋಗಬೇಕು. ಆ ಮಚ್ಚು ಬಹಳ ಕಡೆ ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಕುಲುಮೆಯಲ್ಲಿ ತಟ್ಟಿಸಿದ್ದು. ಲಾರಿ ಹಳ್ಳಕ್ಕೆ ಬಿದ್ದಾಗಲೆಲ್ಲ ಬಾಗಿ ಎದ್ದು ಬಂದ ಉಕ್ಕು, ಇಂಗಾಲ ಶೇ. 0.6ರ ಆಸುಪಾಸು. ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಗಡಸು ಮಾಡಿದ ಮೇಲೆ ಕಮ್ಮಾರ ಅದನ್ನು ಮತ್ತೆ ಹದವಾಗಿ ಕಾಯಿಸಿ, ಆ ಗಡಸನ್ನು ಒಂದಿಷ್ಟು ಇಳಿಸುತ್ತಾನೆ. ಅಂಚನ್ನೂ ದಪ್ಪ ಬಿಡುತ್ತಾನೆ. ದಿನವೆಲ್ಲ ಕೊಚ್ಚಿದರೂ ಅದಕ್ಕೆ ಬೇಸರವಿಲ್ಲ. ಅದರಲ್ಲಿ ಟೊಮೇಟೊ ಹೆಚ್ಚಲು ಹೋದರೆ ಗೊಜ್ಜಾಗುತ್ತದೆ, ಆ ಮಾತು ಬೇರೆ.

ಮುಕ್ಕಾದ ಚಾಕುವನ್ನು ಸೈಕಲ್ ತುಳಿದು ಸಾಣೆ ಹಿಡಿಯುವವನಿಗೆ ಕೊಟ್ಟೆವು. ಕಿಡಿ ಬೇಕಾದಷ್ಟು ಹಾರಿತು, ಮುಕ್ಕು ಹಾಗೇ ಇತ್ತು. ಆ ವೆನೇಡಿಯಂ ಹರಳುಗಳು ಸಾಣೆಕಲ್ಲಿನ ಕುರುಂದಕ್ಕಿಂತಲೂ ಗಡಸು. “ಸ್ವಾಮಿ, ಇದು ನನ್ನ ಕಲ್ಲನ್ನೇ ತಿಂತದೆ” ಎಂದು ಅವನು ಕಾಸೂ ಇಸಿದುಕೊಳ್ಳದೆ ಹೊರಟ.

ಸುದ್ದಿ ತಿಳಿದು ಭಾಮೈದ ಈಗ ವಜ್ರದ ಪುಡಿ ಮೆತ್ತಿದ ಮಸೆಯುವ ಪಟ್ಟಿ ಕಳಿಸಿದ್ದಾನೆ. ಮಗ್ಗುಲಿಗೆ 20 ಡಿಗ್ರಿಯಂತೆ ಹಿಡಿದು ಮಸೆ, 15ಕ್ಕೆ ಇಳಿಸಿದರೆ ಅಂಚು ತೆಳುವಾಗಿ ಮತ್ತೆ ಮುಕ್ಕಾಗುತ್ತದೆ ಎಂದು ಚೀಟಿ ಬೇರೆ. ನಾನು ಕೋನಮಾಪಕ ಹುಡುಕುತ್ತಿದ್ದಾಗ ಅಮ್ಮ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಚ್ಚಲಿಗೆ ಒಯ್ದು, ಹಿಮ್ಮಡಿ ಉಜ್ಜಿಕೊಂಡು ಬಂದಳು. “ಇದು ಪರವಾಗಿಲ್ಲ ಕಣೋ. ಇನ್ನೊಂದು ಕಳಿಸೋಕೆ ಹೇಳು, ಬೀಗಿತ್ತಿಗೂ ಒಂದಿರಲಿ.”