ಕರ್ನಲ್ ಡ್ರೇಕ್ ಅವರಿಗೆ, ಅನುಭವದ ಕಾಲಮ್ಮಿನ ವಿಷಯವಾಗಿ

ಮಾನ್ಯ ಎಡ್ವಿನ್ ಡ್ರೇಕ್ ಅವರಿಗೆ,

ತಾವು 1880ರಲ್ಲೇ ತೀರಿಕೊಂಡಿರೆಂದು ಗೊತ್ತಿದ್ದೂ ಸುರತ್ಕಲ್ಲಿನಿಂದ ಬರೆಯುತ್ತಿದ್ದೇನೆ. ಬದುಕಿರುವ ಎಚ್.ಆರ್. ಮ್ಯಾನೇಜರುಗಳಿಗೆ ನಮ್ಮ ಹುಡುಗರು ಬರೆದ ಅರ್ಜಿಗಳಿಗೂ ಉತ್ತರ ಬಂದದ್ದು ಕಡಿಮೆ. ಆ ಲೆಕ್ಕದಲ್ಲಿ ತಮಗೂ ಅವರಿಗೂ ದೊಡ್ಡ ವ್ಯತ್ಯಾಸವೇನೂ ಇಲ್ಲ.

ನನ್ನದು ಜೆರಾಕ್ಸ್, ಲ್ಯಾಮಿನೇಶನ್, ಬಯೋಡೇಟಾ ಟೈಪಿಂಗಿನ ಅಂಗಡಿ. ಕತ್ತಲಾದ ಮೇಲೆ ಎಂಆರ್‌ಪಿಎಲ್ ರಿಫೈನರಿಯ ಫ್ಲೇರ್ ಬೆಂಕಿ ಕಾಣುವಷ್ಟು ಹತ್ತಿರ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯದ ಕಾರ್ಖಾನೆ ಅದು. ಪೆರ್ಮುದೆಯ ಕಡೆ ಬಂಡೆಯ ಹೊಟ್ಟೆ ಕೊರೆದು 15 ಲಕ್ಷ ಟನ್ ತೈಲ ತುಂಬಿಡುವ ಗುಹೆಗಳನ್ನು ಮಾಡಿದ್ದಾರೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನಿನದು. ತಾವು ಅಮೆರಿಕದಲ್ಲಿ ಬಾವಿ ಕೊರೆದು ನೆಲದೊಳಗಿಂದ ಎಣ್ಣೆ ಮೇಲಕ್ಕೆ ತಂದು ಹೆಸರು ಮಾಡಿದಿರಿ, ನಾವು ಹಡಗಿನಲ್ಲಿ ತರಿಸಿ ನೆಲದೊಳಗೆ ಇಳಿಸುತ್ತಿದ್ದೇವೆ. ಇಷ್ಟು ಎಣ್ಣೆಯ ಮೇಲೆ, ಪಕ್ಕ, ನಡುವೆ ಹುಟ್ಟಿ ಬೆಳೆದ ಹುಡುಗರು ನನ್ನ ಅಂಗಡಿಗೆ ಬರುತ್ತಾರೆ. ಐಟಿಐ ಫಿಟ್ಟರು, ಡಿಪ್ಲೊಮಾ ಮೆಕ್ಯಾನಿಕಲ್ಲು, ಬಿ.ಇ. ಕೆಮಿಕಲ್ಲು. ತಂದೆಯ ಹೆಸರು, ಪಾಸ್‌ಪೋರ್ಟ್ ನಂಬರು, ಗೊತ್ತಿರುವ ಭಾಷೆಗಳು (ತುಳು, ಕನ್ನಡ, ಹಿಂದಿ, ಬ್ಯಾರಿ, ಸ್ವಲ್ಪ ಮಲಯಾಳ) ಎಲ್ಲ ಸರಸರನೆ ಹೇಳುತ್ತಾರೆ. 'ಅನುಭವ' ಎಂಬ ಕಾಲಮ್ಮು ಬಂದೊಡನೆ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ.

"ನಿಲ್ ಅಂತ ಹಾಕ್ಲಾ?"

"ಬೇಡ ಅಣ್ಣ, ಫ್ರೆಶರ್ ಅಂತ ಹಾಕಿ."

ಜಾಹೀರಾತಿನಲ್ಲಿರುವುದು 'ಆಯಿಲ್ ಆಂಡ್ ಗ್ಯಾಸ್‌ನಲ್ಲಿ ಕನಿಷ್ಠ 3 ವರ್ಷ ಅನುಭವ' ಎಂದು. ಆ ಮೂರು ವರ್ಷ ಎಲ್ಲಿ ಸಿಗುತ್ತದೆ ಎಂದು ಜಾಹೀರಾತಿನಲ್ಲಿಲ್ಲ.

ಮೊನ್ನೆ ಗಿರಾಕಿಗಳಿಲ್ಲದ ಮಧ್ಯಾಹ್ನ ತಮ್ಮದೇ ಬಯೋಡೇಟಾ ಟೈಪ್ ಮಾಡಿ ನೋಡಿದೆ. ಹೆಸರು: ಎಡ್ವಿನ್ ಲಾರೆಂಟೈನ್ ಡ್ರೇಕ್. ಹಿಂದಿನ ಉದ್ಯೋಗ: ರೈಲ್ವೆ ಕಂಡಕ್ಟರ್, ಆರೋಗ್ಯ ಕೆಟ್ಟು ಬಿಟ್ಟದ್ದು. ಭೂವಿಜ್ಞಾನ: ಇಲ್ಲ. ಬಾವಿ ಕೊರೆದ ಅನುಭವ: ಇಲ್ಲ. ರೆಫರೆನ್ಸ್: ನ್ಯೂ ಹೇವನ್ನಿನಲ್ಲಿ ಒಂದೇ ಹೋಟೆಲಿನಲ್ಲಿದ್ದ ಬ್ಯಾಂಕಿನ ಯಜಮಾನ ಟೌನ್‌ಸೆಂಡ್. ವಿಶೇಷ ಅರ್ಹತೆ: ರೈಲಿನಲ್ಲಿ ಪುಕ್ಕಟೆ ಓಡಾಡುವ ಪಾಸ್. ತಮ್ಮನ್ನು ಎಣ್ಣೆ ಹುಡುಕಲು ಕಳಿಸಿದ ಟೌನ್‌ಸೆಂಡರ ಕಂಪನಿಗೆ ತಮ್ಮಲ್ಲಿ ಮೊದಲು ಹಿಡಿಸಿದ್ದು ಆ ಪಾಸೇ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಕೈಯಲ್ಲಿದ್ದ 200 ಡಾಲರನ್ನು ಆ ಕಂಪನಿಯ ಶೇರಿಗೇ ಹಾಕಿದ್ದಿರಂತೆ. ಅಂದರೆ ದುಡ್ಡು ಕಟ್ಟಿ ಒಳಗೆ ಹೋಗುವ ಪದ್ಧತಿಗೂ ಮೂಲಪುರುಷರು ತಾವೇ.

ಇನ್ನು 'ಕರ್ನಲ್'. ತಾವು ಯಾವ ಸೈನ್ಯದಲ್ಲೂ ಕರ್ನಲ್ ಆಗಿರಲಿಲ್ಲ. ತಾವು ಬಾವಿ ಕೊರೆದ ಟೈಟಸ್‌ವಿಲ್ ಊರಿನವರು ಮರ್ಯಾದೆ ಕೊಡಲಿ ಎಂದು ಕಂಪನಿಯವರು ಲಕೋಟೆಯ ಮೇಲೆ 'ಕರ್ನಲ್ ಇ. ಎಲ್. ಡ್ರೇಕ್' ಎಂದು ಬರೆದು ಕಳಿಸಿದರು, ಊರು ನಂಬಿತು. ಇದನ್ನೇ ಇವತ್ತು ನಮ್ಮ ಹುಡುಗರು ಮಾಡಿದರೆ 'ಫೇಕ್ ಎಕ್ಸ್‌ಪೀರಿಯನ್ಸ್' ಎನ್ನುತ್ತಾರೆ. ಇಲ್ಲದ ಕಂಪನಿಯ ಲೆಟರ್‌ಹೆಡ್ ಮಾಡಿಕೊಡಿ ಎಂದು ಕೇಳಿಕೊಂಡು ನನ್ನಲ್ಲಿಗೂ ಬರುತ್ತಾರೆ. ಆಗುವುದಿಲ್ಲ ಎಂದರೆ ಬೇಜಾರೇನೂ ಮಾಡಿಕೊಳ್ಳುವುದಿಲ್ಲ, ಮುಂದಿನ ಅಂಗಡಿಗೆ ಹೋಗುತ್ತಾರೆ.

ತಾವು 1859ರ ಆಗಸ್ಟ್ 27ರಂದು 69.5 ಅಡಿ ಮುಟ್ಟಿ ನಿಲ್ಲಿಸಿದಿರಿ, ಮರುದಿನ ಎಣ್ಣೆ ಮೇಲೆ ಬಂದಿತ್ತು. ನಮ್ಮ ಬೋರ್‌ವೆಲ್ ಲಾರಿಯವರು ಅಷ್ಟು ಆಳಕ್ಕೆ ಊಟದ ಹೊತ್ತಿಗಿಂತ ಮೊದಲೇ ಇಳಿಯುತ್ತಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಣ್ಣು ಕುಸಿಯದಂತೆ ಬಂಡೆ ಸಿಗುವವರೆಗೆ ಕಬ್ಬಿಣದ ಪೈಪು ಬಡಿದು ಅದರೊಳಗಿಂದ ಕೊರೆಯುವ ಉಪಾಯ ತಮ್ಮದು. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಕೆಲಸ ನಿಲ್ಲಿಸಿ ಸಾಲ ತೀರಿಸಿ ಬನ್ನಿ ಎಂದು ಟೌನ್‌ಸೆಂಡ್ ಬರೆದ ಕಾಗದ ಎಣ್ಣೆ ಬಂದಾಗ ಇನ್ನೂ ದಾರಿಯಲ್ಲಿತ್ತು. ಅಂಚೆ ತಡವಾದ್ದರಿಂದ ಹುಟ್ಟಿದ ಉದ್ಯಮ ಇದು. ಈಗ ಇ-ಮೇಲಿನಲ್ಲಿ ಎರಡು ಸೆಕೆಂಡಿಗೆ 'ವಿ ರಿಗ್ರೆಟ್' ಬರುತ್ತದೆ.

ಅನುಭವ ಇಲ್ಲದವರಿಗೆಂದೇ ಈಗ ಬೇರೊಂದು ಉದ್ಯಮ ಬೆಳೆದಿದೆ. ಅದರಲ್ಲಿ ಬಾವಿ ಬತ್ತುವುದಿಲ್ಲ. ಮೂರು ತಿಂಗಳ 'ಆಯಿಲ್ ಆಂಡ್ ಗ್ಯಾಸ್ ಡಿಪ್ಲೊಮಾ', ನೂರಕ್ಕೆ ನೂರು ಪ್ಲೇಸ್‌ಮೆಂಟ್. ಸಮುದ್ರದ ರಿಗ್ಗಿನಲ್ಲಿ ರೌಸ್ಟಬೌಟ್ ಎಂಬ ಕೂಲಿ ಕೆಲಸ, ಅನುಭವ ಬೇಡ, ಮೆಡಿಕಲ್ ಫೀ ಮಾತ್ರ ಮೊದಲು ಎನ್ನುವ ವಾಟ್ಸಾಪ್ ಪೋಸ್ಟರು. ಅದರಲ್ಲಿ ಯಾವ ದೇಶದ ಯಾವ ಸಮುದ್ರವೆಂದು ಇರುವುದಿಲ್ಲ, ಗೂಗಲ್ ಪೇ ನಂಬರು ಮಾತ್ರ ದಪ್ಪಕ್ಷರದಲ್ಲಿರುತ್ತದೆ. ಪ್ರಿಂಟ್ ತೆಗೆಸಲು ಬರುವವರಿಗೆ ನಾನು ಹೇಳುವುದು ಇಷ್ಟೆ: ವಿದೇಶಕ್ಕೆ ಕಳಿಸುವ ಏಜೆಂಟನಿಗೆ ಸರಕಾರದ ನೋಂದಣಿ ಬೇಕು, ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ಹೆಸರಿದೆಯೇ ನೋಡಿ, ಅವನು ಸೇವಾಶುಲ್ಕವೆಂದು ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹುಡುಗರು ತಲೆಯಾಡಿಸುತ್ತಾರೆ. ಪಕ್ಕದಲ್ಲಿರುವ ತಾಯಿ ಮಾತ್ರ, "ಅವರು ಒಂದೂವರೆ ಲಕ್ಷ ಕೇಳಿದ್ದಾರಲ್ಲ, ಅಂದ್ರೆ ಕೆಲಸ ಗ್ಯಾರಂಟಿ ಅಲ್ವಾ?" ಎನ್ನುತ್ತಾರೆ. ಆ ತರ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ.

ಒಳ್ಳೆಯ ಸರ್ಟಿಫಿಕೇಟುಗಳೇ ಇಲ್ಲವೆನ್ನುತ್ತಿಲ್ಲ. ಇಂಗ್ಲೆಂಡಿನ ನೆಬೋಷ್ ಸುರಕ್ಷತಾ ಪರೀಕ್ಷೆಗೆ ಗಲ್ಫಿನಲ್ಲಿ ಬೆಲೆಯಿದೆ. ರಿಗ್ಗಿಗೆ ಹೋಗುವವರಿಗೆ ಬೋಸಿಯೆಟ್ ಎಂಬ ತರಬೇತಿಯಿದೆ: ಹೆಲಿಕಾಪ್ಟರಿನ ಮಾದರಿಯೊಂದರಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ಈಜುಕೊಳಕ್ಕಿಳಿಸಿ, ತಲೆಕೆಳಗು ಮಾಡುತ್ತಾರೆ, ಕಿಟಕಿ ತಳ್ಳಿ ಹೊರಗೆ ಬರಬೇಕು. ನಾಲ್ಕು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ಸೈಟಿನ ಮುಖ ನೋಡದವನು ಇದನ್ನೆಲ್ಲ ಮಾಡಿಕೊಂಡರೆ, ನೀರಿನಿಂದ ಹೊರಬರಲು ಕಲಿತು ನಾಲ್ಕು ವರ್ಷ ಮನೆಯಲ್ಲೇ ಒಣಗುತ್ತಾನೆ.

ಸರಕಾರಿ ಕಂಪನಿಗಳ ಬಾಗಿಲು ನೇರವಾಗಿದೆ, ಆದರೆ ಕಿರಿದು. ಎಂಜಿನಿಯರಿಗೆ ಹಲವೆಡೆ ಗೇಟ್ ಪರೀಕ್ಷೆಯ ಅಂಕ. ಐಟಿಐನವನಿಗೆ 1961ರ ಕಾಯ್ದೆಯ ಅಪ್ರೆಂಟಿಸ್. ಮುಗಿಸಿದವನಿಗೆ ಕೆಲಸ ಕೊಡಲೇಬೇಕೆಂದಿಲ್ಲ. ತರಬೇತಿಯ ಅವಧಿಯನ್ನು ಅನುಭವವಾಗಿ ಪರಿಗಣಿಸುವುದಿಲ್ಲ ಎಂದು ಎಷ್ಟೋ ಜಾಹೀರಾತುಗಳ ಅಡಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಆ ಸಾಲನ್ನು ದೊಡ್ಡದು ಮಾಡಿ ಜೆರಾಕ್ಸ್ ತೆಗೆದು ಕೊಡುವುದು ನನ್ನ ಪುಕ್ಕಟೆ ಸೇವೆ.

ನಮ್ಮಲ್ಲಿ ನಿಜಕ್ಕೂ ಒಳಗೆ ಹೋದವರು ತಮ್ಮ ದಾರಿ ಹಿಡಿದವರಲ್ಲ, ಕರ್ನಲ್. ಅವರು ಹಿಡಿದದ್ದು ತಮ್ಮ ಕೆಳಗೆ ದುಡಿದ ವಿಲಿಯಂ ಸ್ಮಿತ್ ದಾರಿ. ಊರಿಗೆಲ್ಲ ಬಿಲ್ಲಿ ಅಂಕಲ್. ಕಮ್ಮಾರ, ಉಪ್ಪುನೀರಿನ ಬಾವಿ ಕೊರೆದು ಗೊತ್ತಿದ್ದವನು. ಎಣ್ಣೆಯ ಬಾವಿ ಅವನೂ ಕಂಡಿರಲಿಲ್ಲ, ಆದರೆ ಉಳಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಅವನ ಕೈಗೆ ಗೊತ್ತಿತ್ತು.

ಆ ದಾರಿ ನಮ್ಮಲ್ಲಿ ತೆರೆಯುವುದು ಹೀಗೆ: ಕೆಲವು ವರ್ಷಕ್ಕೊಮ್ಮೆ ರಿಫೈನರಿಯ ಯೂನಿಟ್ಟುಗಳನ್ನು ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡುತ್ತಾರೆ. ಅದಕ್ಕೆ ಶಟ್‌ಡೌನ್ ಎನ್ನುತ್ತಾರೆ. ಯಂತ್ರಕ್ಕೆ ರಜೆ ಬಂದಾಗ ನಮ್ಮ ಹುಡುಗರಿಗೆ ಕೆಲಸ. ಕೆಲವೇ ವಾರಗಳಿಗೆ ಸಾವಿರಾರು ಜನ ಬೇಕು. ಆಗ ಕಂಟ್ರಾಕ್ಟರು ಅನುಭವ ಕೇಳುವುದಿಲ್ಲ. ಆಧಾರ್, ಪೊಲೀಸ್ ವೆರಿಫಿಕೇಶನ್, ಮೆಡಿಕಲ್ ಫಿಟ್‌ನೆಸ್, ಎರಡು ಫೋಟೊ ಕೇಳುತ್ತಾನೆ. ಹೆಲ್ಪರ್, ಸ್ಕ್ಯಾಫೋಲ್ಡಿಂಗ್ ಪೈಪು ಹೊರುವವನು, ಫೈರ್ ವಾಚ್, ಹೋಲ್ ವಾಚ್. ಈ ಕೊನೆಯದನ್ನು ಬಿಡಿಸಿ ಹೇಳಬೇಕು. ವೆಸಲ್ ಎನ್ನುವ ದೊಡ್ಡ ಟ್ಯಾಂಕಿನ ಮ್ಯಾನ್‌ಹೋಲ್ ಬಾಯಲ್ಲಿ ರಿಜಿಸ್ಟರ್ ಹಿಡಿದು ಕೂರುವುದು. ಯಾರು ಎಷ್ಟು ಗಂಟೆಗೆ ಒಳಗೆ ಹೋದ, ಎಷ್ಟು ಗಂಟೆಗೆ ಹೊರಗೆ ಬಂದ ಎಂದು ಬರೆಯುವುದು, ಒಳಗಿನವನ ದನಿ ಕೇಳುತ್ತಲೇ ಇರುವುದು. ಒಳಗೆ ಯಾರಾದರೂ ಬಿದ್ದರೆ ತಾನು ನುಗ್ಗದೆ ಕೂಗಿ ಜನ ಕರೆಯುವುದು. ಇಡೀ ಪಾಳಿ ಎದ್ದು ಹೋಗುವಂತಿಲ್ಲ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಆ ಬಾಯಲ್ಲಿ ಕೂತ ಹುಡುಗ ಫಿಟ್ಟರ್ ಬೋಲ್ಟು ಬಿಚ್ಚುವ ಕ್ರಮ ನೋಡುತ್ತಾನೆ, ಗ್ಯಾಸ್ ಟೆಸ್ಟ್ ಮಾಡುವವನ ಮೀಟರು ಓದಲು ಕಲಿಯುತ್ತಾನೆ, ವೆಲ್ಡರಿನ ಸ್ನೇಹ ಸಂಪಾದಿಸುತ್ತಾನೆ. ಮುಂದಿನ ಶಟ್‌ಡೌನಿಗೆ ಅದೇ ಕಂಟ್ರಾಕ್ಟರು ಅವನನ್ನು ಕೊಚ್ಚಿಗೋ ಪಾರಾದೀಪಿಗೋ ಜಾಮ್‌ನಗರಕ್ಕೋ ಕರೆದೊಯ್ಯುತ್ತಾನೆ. ನಲವತ್ತೈದು ಡಿಗ್ರಿ ವಾಲಿಸಿ ನಿಲ್ಲಿಸಿದ ಪೈಪನ್ನು ಸುತ್ತ ಬೆಸೆಯುವ 6ಜಿ ಟೆಸ್ಟಿನಲ್ಲಿ ಪಾಸಾಗಿ, ಬೆಸುಗೆ ಎಕ್ಸ್‌ರೇಯಲ್ಲೂ ಚೊಕ್ಕವಾಗಿ ಬಂದರೆ, ಸೌದಿಯ ಜುಬೈಲಿನಲ್ಲಿ ಅವನನ್ನು ಯಾವ ಡಿಪ್ಲೊಮಾ ಎಂದು ಕೇಳುವವರು ಕಡಿಮೆ.

ಇಷ್ಟು ಬರೆದ ಮೇಲೆ ಎಚ್.ಆರ್.ನವರ ಪರವಾಗಿಯೂ ಒಂದು ಮಾತು. ತಮ್ಮ ಬಾವಿಯಲ್ಲಿ ಎಣ್ಣೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅಕ್ಟೋಬರಿನಲ್ಲಿ ಬಿಲ್ಲಿ ಅಂಕಲ್ ತೊಟ್ಟಿಯಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡಲು ಉರಿಯುವ ದೀಪ ಹಿಡಿದು ಹೋದ. ಆವಿಗೆ ಬೆಂಕಿ ತಾಗಿ ಬಾವಿಯ ಮೇಲಿನ ಡೆರಿಕ್ಕೂ ಉರಿಯಿತು, ಶೇಖರಿಸಿದ ಎಣ್ಣೆಯೂ ಉರಿಯಿತು. ಉಪ್ಪುಬಾವಿಯ ಅನುಭವ ಅವನಿಗೆ ದೀಪ ಹಿಡಿಯಬೇಡ ಎಂದು ಹೇಳಿಕೊಟ್ಟಿರಲಿಲ್ಲ. ಇಂದಿಗೂ ರಿಫೈನರಿಯಲ್ಲಿ ಹೊಸಬರಿಗೆ ಇಂಥದೇ ಅಪಾಯವಿದೆ: ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. 100 ಪಿಪಿಎಂ ಆಸುಪಾಸಿಗೆ ಏರಿದರೆ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು, ಗಂಡಾಂತರವೂ ಹೋಯಿತು ಎಂದು ಹೊಸಬ ಉಸಿರು ಬಿಡುತ್ತಾನೆ. ಹಾಗೆಂದು ಎಲ್ಲವನ್ನೂ ಹೊಸಬರ ತಲೆಗೆ ಕಟ್ಟುವಂತಿಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ತೈಲ ಪ್ಲಾಟ್‌ಫಾರ್ಮ್ ಪೈಪರ್ ಆಲ್ಫಾದಲ್ಲಿ 167 ಜನ ಸತ್ತರು. ರಿಪೇರಿಗೆಂದು ವಾಲ್ವ್ ಬಿಚ್ಚಿಟ್ಟಿದ್ದ ಪಂಪನ್ನು, ಆ ಸಂಗತಿ ಹಗಲು ಪಾಳಿಯಿಂದ ದಾಟದೇ ಇದ್ದುದರಿಂದ, ರಾತ್ರಿ ಪಾಳಿಯವರು ಚಾಲೂ ಮಾಡಿದ್ದರು.

ಆದ್ದರಿಂದ ಮೂರು ವರ್ಷ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆ ಮೂರು ವರ್ಷವನ್ನು ಕಲಿಸುವ ಖರ್ಚು ಕಂಪನಿಯದಲ್ಲ, ಕಂಟ್ರಾಕ್ಟರಿನದಲ್ಲ, ಸಾಲ ಮಾಡಿ ಫೀಸು ಕಟ್ಟುವ ತಾಯಿಯದು ಎಂದು ಯಾವ ಮೀಟಿಂಗಿನಲ್ಲಿ ತೀರ್ಮಾನವಾಯಿತು, ಅದಷ್ಟು ಗೊತ್ತಾಗಬೇಕಿತ್ತು.

ತಮಗೂ ಕೊನೆಗೆ ಕಂಪನಿ ಏನೂ ಉಳಿಸಲಿಲ್ಲವೆಂದು ಕೇಳಿದ್ದೇನೆ. ಇದ್ದ ದುಡ್ಡು ಸಟ್ಟಾದಲ್ಲಿ ಹೋಗಿ, 1873ರಲ್ಲಿ ಪೆನ್ಸಿಲ್ವೇನಿಯಾ ಸರಕಾರ ವರ್ಷಕ್ಕೆ 1,500 ಡಾಲರ್ ಪಿಂಚಣಿ ಕೊಡಬೇಕಾಯಿತಂತೆ. ಹೀಗಾಗಿ ಕೆಲಸದ ಅಗತ್ಯ ತಮಗೂ ಇರಬಹುದು. ಮುಂದಿನ ಶಟ್‌ಡೌನಿಗೆ ಬರುವುದಾದರೆ ನಾನು ಕಂಟ್ರಾಕ್ಟರಿಗೆ ಹೇಳಿಡುತ್ತೇನೆ. ತಮಗೆ ಹೋಲ್ ವಾಚ್ ಸಿಗಬಹುದು, ವಯಸ್ಸು ಮೀರಿದ್ದರೆ ಸ್ಟೋರ್ಸ್. ಬಿಲ್ಲಿ ಅಂಕಲ್ ಬಂದರೆ ಮೊದಲ ದಿನವೇ ಫಿಟ್ಟರ್ ಗ್ಯಾಂಗಿಗೆ ಹಾಕುತ್ತಾರೆ, ದಿನಗೂಲಿಯೂ ತಮಗಿಂತ ಜಾಸ್ತಿ. ಅವನಿಗೆ ಮಾತ್ರ ಮೊದಲೇ ತಿಳಿಸಿಡಿ: ದೀಪ, ಬೆಂಕಿಪೆಟ್ಟಿಗೆ, ಮೊಬೈಲು ಗೇಟಿನಲ್ಲೇ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು, ಟೋಕನ್ ಕಳೆದರೆ ಸೆಕ್ಯುರಿಟಿಯವರು ಸಂಜೆಯವರೆಗೆ ಕಾಯಿಸುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಸುರತ್ಕಲ್ಲಿನ ಜೆರಾಕ್ಸ್ ಅಂಗಡಿಯವನು