ಗೃಹಸ್ಥನ ಪಾತಾಳಲೋಕ

ಕಾರಿನ ಅಡಿಭಾಗವನ್ನು ಕಣ್ಣಾರೆ ಕಾಣಬೇಕೆಂಬ ಜಿಜ್ಞಾಸೆಯು ಗೃಹಸ್ಥನೊಬ್ಬನ ತಲೆಯನ್ನು ಹೊಕ್ಕಿತೆಂದರೆ, ಗ್ಯಾರೇಜಿನ ನೆಲವನ್ನು ಅಗೆಸಿ ಗುಂಡಿಯೊಂದನ್ನು ತೋಡಿಸುವವರೆಗೂ ಅವನಿಗೆ ನಿದ್ರೆಯೆಂಬುದಿಲ್ಲ. ಚಕ್ರಗಳ ನಡುವಣ ತೆರಪಿಗೆ ಹೊಂದುವಂತೆ ಅಗಲವು ಮೂರಡಿಯನ್ನು ಮೀರಬಾರದು, ಆಳವು ಇಳಿಯುವವನ ಎತ್ತರಕ್ಕೆ ತಕ್ಕಂತಿರಬೇಕು ಎಂದು ಮೇಸ್ತ್ರಿಯು ಟೇಪು ಹಿಡಿದು ಯಜಮಾನನ ದೇಹವನ್ನೇ ಅಳೆಯತೊಡಗಿದಾಗ, ಆರಡಿ ಮೂರಡಿಯ ಅಂತಿಮ ಲೆಕ್ಕವನ್ನು ನೆನೆದು ಮನೆಯಾಕೆ ಬೆಚ್ಚಿದರೆ ಆಶ್ಚರ್ಯವೇನು?

ಕರಾವಳಿಯವರ ಪಾಡಂತೂ ಬೇರೆಯೇ. ಗೋಡೆಗೆ ಕಾಂಕ್ರೀಟು ಹಾಕಿ ನೀರು ಜಿನುಗದಂತೆ ಬಂದೋಬಸ್ತು ಮಾಡದಿದ್ದರೆ, ಜೂನ್ ತಿಂಗಳಲ್ಲಿ ಗುಂಡಿಯು ಬಾವಿಯಾಗಿ, ಕಪ್ಪೆಗಳ ಸಂಗೀತಸಭೆಯು ಅಹೋರಾತ್ರಿ ನಡೆಯುವುದು.

ನೀರಾದರೂ ಕಣ್ಣಿಗೆ ಕಾಣುವುದು. ಪೆಟ್ರೋಲಿನ ಆವಿಯು ಹಾಗಲ್ಲ. ಗಾಳಿಗಿಂತ ಭಾರವಾದ ಅದು ಗುಂಡಿಗಿಳಿದು ಅದೃಶ್ಯವಾಗಿ ಹೊಂಚುಹಾಕುವುದರಿಂದ, ಅಲ್ಲಿ ಬೀಡಿ ಹಚ್ಚುವ ಶೂರನಿಗೆ ಸ್ವರ್ಗಾರೋಹಣವು ಸುಲಭಸಾಧ್ಯ. ಆದಕಾರಣ ಗ್ಯಾರೇಜಿನ ಬಾಗಿಲು ತೆರೆದಿರಬೇಕು, ತಳದ ಗಾಳಿಯನ್ನು ಹೊರಸೆಳೆಯುವ ವ್ಯವಸ್ಥೆಯಿರಬೇಕು, ಕಿಡಿ ಹಾರದ ಭದ್ರವಾದ ದೀಪವಿರಬೇಕು. ಒಳಗೆ ಜನರಿರುವಾಗ ಎಂಜಿನ್ನಿಗೆ ಮೌನವ್ರತ, ಪೆಟ್ರೋಲ್ ಟ್ಯಾಂಕಿನ ಕೆಲಸವು ಸರ್ವಥಾ ನಿಷಿದ್ಧ. ಕೆಲಸ ಮುಗಿದೊಡನೆ ಗುಂಡಿಯನ್ನು ದಪ್ಪ ಹಲಗೆಗಳಿಂದ ಮುಚ್ಚದಿದ್ದರೆ, ಕತ್ತಲಲ್ಲಿ ಕೊಡೆ ಹುಡುಕಲು ಬಂದ ಮಾವನವರು ಹಠಾತ್ತನೆ ಅಂತರ್ಧಾನರಾದಾರು.

ಇಷ್ಟೆಲ್ಲ ವಿಧಿಪೂರ್ವಕವಾಗಿ ಸಿದ್ಧವಾದ ಬಳಿಕ ಕಾಣಸಿಗುವುದು ತೊಟ್ಟಿಕ್ಕುವ ಎಣ್ಣೆ ಮತ್ತು ತುಕ್ಕು ಹಿಡಿದ ಸೈಲೆನ್ಸರು. ಅವನ್ನು ಸರಿಪಡಿಸಲು ಬಂದ ಮೆಕ್ಯಾನಿಕ್ಕನೋ, "ಗುಂಡಿಯೆಲ್ಲ ನಮಗೆ ಆಗಿಬರೋಲ್ಲ ಸಾರ್" ಎಂದು ಕಾರನ್ನು ಅಂಗಳಕ್ಕೆ ತಳ್ಳಿಸಿ, ಜಾಕಿನ ಜೊತೆಗೆ ಭದ್ರವಾದ ಸ್ಟ್ಯಾಂಡುಗಳನ್ನೂ ಕೊಟ್ಟು, ಗೋಣಿಚೀಲ ಹಾಸಿಕೊಂಡು ಕಾರಿನಡಿಗೆ ನುಸುಳುತ್ತಾನೆ.